ಹದಿನಾರನೇ ಹಂಡೆ

ಹದಿನೈದು ಹಂಡೆಗಳ ತನಕ
ನಾನು ಏನನ್ನೂ ಬರೆದಿಡಲಿಲ್ಲ.

ಡಬ್ಬಿಯ ಮುಚ್ಚಳ ಕಿತ್ತು ಕಾಕಂಬಿಯಂಥ ಕರಿ ಪಾಕ ಸುರಿದು,
ಬಿಸಿನೀರು, ಒಂದಿಷ್ಟು ಸಕ್ಕರೆ, ಆರಿದ ಮೇಲೆ ಯೀಸ್ಟು,
ಬಟ್ಟೆ ಒಗೆಯುವ ಕೋಣೆಯಲ್ಲಿ ಬಕೆಟ್ಟಿಟ್ಟು
ಮರೆತುಬಿಡುವುದು. ಅಷ್ಟೇ.
ಎರಡು ವಾರಕ್ಕೆ ಬಿಯರು. ಒಮ್ಮೊಮ್ಮೆ
ಒದ್ದೆ ರಟ್ಟಿನ ವಾಸನೆಯ ಬೇರೇನೋ.
ಮೊರ್ನಾ ಮುಖ ಕಿವಿಚಿ "ಪರವಾಗಿಲ್ಲ" ಅನ್ನುತ್ತಿದ್ದಳು,
ಎರಡನೇ ಲೋಟ ಕೇಳುತ್ತಿರಲಿಲ್ಲ.

ನನಗದು ಸಾಕಿತ್ತು.
ದಿನವಿಡೀ ಹೋಬಾರ್ಟಿನ ಮನೆಮನೆಯ ಪಿಯಾನೋಗಳ
ಹೊಟ್ಟೆಯೊಳಗೆ ತಲೆಯಿಟ್ಟು
ತಂತಿಗಳ ಕಿವಿ ಹಿಂಡುವವಳು ನಾನು.
ಕೂದಲೆಳೆಯಷ್ಟು ಏರು, ಎಳ್ಳಿನಷ್ಟು ಇಳಿಕೆ,
ಇಪ್ಪತ್ತೆಂಟು ವರ್ಷ.
ಸಂಜೆಗಾದರೂ ಒಂದು ಕೆಲಸ ಬೇಡವೇ
ಅಳತೆಯಿಲ್ಲದ್ದು, ತಪ್ಪಾದರೆ ಯಾರೂ
ಫೋನು ಮಾಡಿ ಮತ್ತೆ ಕರೆಸದ್ದು?

ಮಾರ್ಚಿನಲ್ಲಿ, ಡರ್ವೆಂಟ್ ಹೊಳೆಯ ಮೇಲ್ದಂಡೆಯಲ್ಲಿ
ಡೆಸ್ಮಂಡ್ ಪಿಬಸ್‌ನ ಮನೆ. ಅವನಜ್ಜಿಯ ಪಿಯಾನೋ,
ಮಂದ್ರದ ಮೂಲೆಯಲ್ಲಿ ಇಲಿ ಸಂಸಾರ.
ಕೆಲಸ ಮುಗಿದಾಗ ದುಡ್ಡಿನ ಬದಲು
ದಿಂಬಿನ ಚೀಲವೊಂದನ್ನು ತೋಳಿಗೆ ತುರುಕಿದ.
ಒಳಗೆ ಹಸಿ ಹಾಪ್ಸ್ ಹೂ, ಅಂದೇ ಬಿಡಿಸಿದ್ದು.
"ನಾಳೆ ಕತ್ತಲಾಗುವುದರೊಳಗೆ ಕುದಿಯಬೇಕು ಇವು.
ಡಬ್ಬಿ ಪಾಕಕ್ಕೆ ಹಾಕಿದೆ ಅಂತ ಕೇಳಿದೆನೋ,
ನಿನ್ನ ಜೊತೆ ಮಾತು ಬಿಟ್ಟೆ."

ವ್ಯಾನಿನ ತುಂಬ ಘಾಟು:
ಕೊಯ್ದ ಹುಲ್ಲು, ಚಕ್ಕೋತದ ಸಿಪ್ಪೆ, ಮತ್ತೆ
ಹೆಸರಿಟ್ಟು ಹೇಳಲಾಗದ, ಬೆವರಿನಂಥದೊಂದು.
ಕಿಟಕಿ ಇಳಿಸಲಿಲ್ಲ. ದಾರಿಯಲ್ಲೇ ನಿಲ್ಲಿಸಿ ಕೊಂಡೆ
ಐದು ಕಿಲೋ ಒಡೆದ ಮಾಲ್ಟು, ಒಂದು ಥರ್ಮಾಮೀಟರು,
ಗಾಜಿನ ಹೈಡ್ರೋಮೀಟರು. ಬಿಲ್ಲಿನ ಹಿಂದೆ ಬರೆದುಕೊಳ್ಳಲು
ಅಂಗಡಿಯವನದೇ ಪೆನ್ನು;
ಅದಿನ್ನೂ ನನ್ನ ಹತ್ತಿರವೇ ಇದೆ.

ಅರವತ್ತಾರು ಡಿಗ್ರಿ. ಒಂದು ಗಂಟೆ.
ಅದಕ್ಕಿಂತ ಏರಿದರೆ ನಾಲಿಗೆಗೆ ಭಾರ,
ಇಳಿದರೆ ಒಣಒಣ, ನೀರುನೀರು.
ಹಂಡೆಗೆ ಹಳೆಯ ಕಂಬಳಿ ಸುತ್ತಿ
ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ,
ಬಸ್ಸಿಗೆ ಕಾಯುವವರ ಹಾಗೆ
ಮತ್ತೆ ಮತ್ತೆ ಬಗ್ಗಿ ನೋಡುತ್ತ.
ಮೊರ್ನಾ ಬಾಗಿಲಿಗೆ ಒರಗಿ ನಿಂತಳು:
"ಇದಕ್ಕೂ ಪುಸ್ತಕ ಬಂತು ಅನ್ನು.
ಹೋಯಿತು, ಇದೂ ಕೆಲಸವಾಯಿತು."

ಉತ್ತರ ಹೊಳೆಯಲಿಲ್ಲ. ಹೊಳೆದದ್ದು
ಮೂರನೇ ರಾತ್ರಿ.
ಬಟ್ಟೆ ಕೋಣೆಯಿಂದ ಗುಳುಕ್. ಗುಳುಕ್.
ನಿದ್ದೆಗಣ್ಣಲ್ಲೇ ಎಣಿಸಿದೆ,
ನಿಮಿಷಕ್ಕೆ ಐವತ್ತೆರಡು. ಆಮೇಲೆ ನಲವತ್ತು.
ಲಯ ಜಾರಿ ಒಮ್ಮೆ ಎರಡು ಒಟ್ಟಿಗೆ, ಗುಳುಗುಳುಕ್,
ಆಮೇಲೆ ಏನೋ ಹೇಳಹೊರಟು ಮರೆತಂತೆ
ಒಂದು ಬಿಡುವು.

ಗಿರಾಕಿಗಳಿಗೆ ಹೇಳದ ಗುಟ್ಟೊಂದಿದೆ ಪಿಯಾನೋದಲ್ಲಿ.
ಪ್ರತಿ ಪಂಚಮವನ್ನೂ ಚೂರೇ ಚೂರು
ಬೇಕೆಂದೇ ಕೆಡಿಸಬೇಕು.
ಎಲ್ಲವನ್ನೂ ಶುದ್ಧ ಮಾಡುತ್ತ ಹೊರಟರೆ
ಹನ್ನೆರಡನೆಯದರೊಳಗೆ ತೋಳ ಊಳಿಡುತ್ತದೆ.
ತಪ್ಪನ್ನು ಹನ್ನೆರಡು ಮನೆಗೂ ಹಂಚಿ
ಯಾರಿಗೂ ಭಾರವಾಗದಂತೆ ಇಡುವುದು:
ಇಷ್ಟು ವರ್ಷ ನಾನು ಅಳೆದದ್ದು
ಸರಿಯನ್ನಲ್ಲ.

ಎದ್ದು ಹೋಗಿ, ದೀಪ ಹಾಕದೆ,
ಬಕೆಟ್ಟಿನ ಬೆನ್ನಿಗೆ ಅಂಗೈ ಇಟ್ಟೆ.
ಇಪ್ಪತ್ತೆರಡು ಇರಬಹುದು. ಹತ್ತೊಂಬತ್ತಿರಬೇಕಂತೆ.
ಕಿಟಕಿಯನ್ನು ಒಂದು ಬೆರಳಷ್ಟು ತೆರೆದೆ.
ಬೆಟ್ಟದಿಂದಿಳಿದ ಗಾಳಿ ಒಳಗೆ ಬಂತು,
ಆ ವರ್ಷದ ಮೊದಲ ಚಳಿ.

ಏಪ್ರಿಲ್ಲಿನಲ್ಲಿ ಬರೆದದ್ದು:
ಹದಿನಾರು. ಅರವತ್ತೈದೂವರೆ. ಹಾಪ್ಸ್ ಒಂದು ದಿಂಬು.
ಕೊನೆಗೆ ಕಹಿ ಕೊಂಚ ಹೊತ್ತು ಕೂತೇ ಇರುತ್ತದೆ, ಮೊರ್ನಾ ಹೇಳಿದ್ದು,
ಎರಡನೇ ಲೋಟ ಅರ್ಧವಾದಾಗ.

ಅದರ ಕೆಳಗೆ: ಹದಿನೇಳು.
ಮುಂದೆ ಖಾಲಿ ಗೆರೆ, ಅಂಗಡಿಯವನ ಪೆನ್ನು.